ಪಿಟಿ ಪಿರಿಯಡ್ ಪ್ಲಾನ್ ಮಾಡೋದು ಹೇಗೆ? ಸಾಲಿನ ಕೊನೇಲಿ ನಿಂತ ಮಗುವಿನಿಂದ ಶುರು ಮಾಡಿ

ಪ್ರಶ್ನೆ: ಸರ್, ನಾನು ಥಾಣೆ ಕಡೆಯ ಒಂದು ಶಾಲೆಯಲ್ಲಿ ಸೈನ್ಸ್ ಟೀಚರ್. ನಮ್ಮ ಪಿಟಿ ಸರ್ ರಿಟೈರ್ ಆದ್ಮೇಲೆ ಆ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ, ಆರನೇ ಕ್ಲಾಸಿನ ಪಿಟಿ ನನ್ನ ತಲೆಗೆ ಕಟ್ಟಿದ್ದಾರೆ. 46 ಮಕ್ಕಳು, ವಾರಕ್ಕೆ ಎರಡು ಪಿರಿಯಡ್, ಒಂದೊಂದು 35 ನಿಮಿಷ. ಜಾಗ ಅಂದ್ರೆ ಎರಡು ಬಿಲ್ಡಿಂಗ್ ಮಧ್ಯದ ಅಂಗಳ, ಒಂದು ಬಾಸ್ಕೆಟ್‌ಬಾಲ್ ಕೋರ್ಟ್‌ನಷ್ಟು. ಸಾಮಾನು ಎರಡು ಫುಟ್‌ಬಾಲ್, ಒಂದು ಹಗ್ಗ, ನಾಲ್ಕೈದು ರಿಂಗ್. ಹುಡುಗರು ಕ್ರಿಕೆಟ್ ಕ್ರಿಕೆಟ್ ಅಂತಾರೆ, ಹುಡುಗಿಯರು ಮೆಟ್ಟಿಲ ಮೇಲೆ ಕೂತು ಮಾತಾಡ್ತಾರೆ. ಲೆಸನ್ ಪ್ಲಾನ್ ಬರೆದು ತೋರ್ಸಿ ಅಂತ ಹೆಡ್‌ಮಿಸ್ ಕೇಳಿದ್ದಾರೆ. ಏನು ಬರೀಲಿ? ಸೀರೆ ಉಟ್ಕೊಂಡು ಇದೆಲ್ಲ ಮಾಡ್ಸೋಕಾಗುತ್ತಾ?

ಉತ್ತರ:

ಟೀಚರ್, ನೀವು ಸೈನ್ಸ್‌ನವರು, ಹಾಗಾಗಿ ಮೊದಲು ಒಂದು ಲೆಕ್ಕ ಹಾಕೋಣ. ನಿಮ್ಮ 46 ಮಕ್ಕಳನ್ನ ಎರಡು ಸಾಲಲ್ಲಿ ನಿಲ್ಸಿ ರಿಲೇ ಓಡಿಸ್ತೀರಿ ಅಂತಿಟ್ಕೊಳ್ಳಿ, ಬಹಳ ಶಾಲೆಗಳಲ್ಲಿ ಪಿಟಿ ಅಂದ್ರೆ ಇದೇ. ಒಂದು ಸಾಲಲ್ಲಿ 23 ಮಕ್ಕಳು. ಒಬ್ಬರು ಹೋಗಿ ಬರೋಕೆ 12 ಸೆಕೆಂಡ್. ಎಲ್ಲರದ್ದೂ ಒಂದು ರೌಂಡ್ ಮುಗಿಯೋಕೆ ನಾಲ್ಕೂವರೆ ನಿಮಿಷ ದಾಟುತ್ತೆ, ಅಷ್ಟರಲ್ಲಿ ಒಂದು ಮಗು ಓಡಿದ್ದು 12 ಸೆಕೆಂಡ್, ಉಳಿದಿದ್ದೆಲ್ಲ ಮುಂದಿನವನ ಕಾಲರ್ ಎಳೆಯೋದು, ಹಿಂದಿನವನ ಕಾಲು ತುಳಿಯೋದು. ಅದೇ ಮಕ್ಕಳನ್ನ ಎಂಟು ಸಾಲು ಮಾಡಿ, ಆರು ಸಾಲಲ್ಲಿ ಆರಾರು, ಎರಡು ಸಾಲಲ್ಲಿ ಐದೈದು. ಈಗ ಒಂದು ರೌಂಡ್ 72 ಸೆಕೆಂಡ್‌ಗೆ ಮುಗೀತು, ಅದೇ ಐದು ನಿಮಿಷದಲ್ಲಿ ಪ್ರತಿ ಮಗುವೂ ನಾಲ್ಕು ಸಲ ಓಡ್ತು. ಜಾಗ ಅಷ್ಟೇ, ಮಕ್ಕಳು ಅಷ್ಟೇ, ಸಾಮಾನು ಏನೂ ಜಾಸ್ತಿ ಬೇಕಾಗ್ಲಿಲ್ಲ.

ಪಿಟಿ ಪ್ಲಾನ್ ಬಗ್ಗೆ ನಾನು ಹೇಳ್ಬೇಕಾಗಿರೋದು ಹೆಚ್ಚುಕಮ್ಮಿ ಇಷ್ಟೇ. ಆಟ ಯಾವ್ದು ಅಂತ ಶುರು ಮಾಡ್ಬೇಡಿ, ಸಾಲಿನ ಕೊನೇಲಿ ನಿಂತಿರೋ ಮಗು ಈಗ ಏನು ಮಾಡ್ತಿದೆ ಅಂತ ಶುರು ಮಾಡಿ. ಕಾಯೋದನ್ನ ಕಮ್ಮಿ ಮಾಡಿದ್ರೆ ಅರ್ಧ ಗಲಾಟೆ ತಾನಾಗಿ ಕಮ್ಮಿ ಆಗುತ್ತೆ, ಡಿಸಿಪ್ಲಿನ್ ಡಿಸಿಪ್ಲಿನ್ ಅಂತ ಬೊಬ್ಬೆ ಹೊಡೆಯೋ ಕೆಲಸಾನೂ ಉಳಿಯುತ್ತೆ. ಸುಮ್ನೆ ನಿಂತ ಹನ್ನೊಂದು ವರ್ಷದ ಹುಡುಗ ತಂಟೆ ಮಾಡದೆ ಇನ್ನೇನು ಮಾಡ್ತಾನೆ ಮಾರಾಯ್ರೆ.

ಇನ್ನೊಂದು ಲೆಕ್ಕ. 35 ನಿಮಿಷ ಅಂತ ಟೈಮ್‌ಟೇಬಲ್‌ನಲ್ಲಿ ಉಂಟು, ಆದ್ರೆ ಮೂರನೇ ಮಹಡಿಯಿಂದ ಇಳಿದು, ಶೂ ಲೇಸ್ ಕಟ್ಟಿ, ಸಾಲು ಮಾಡಿ ಬರೋಕೆ ನಾಲ್ಕು ನಿಮಿಷ, ವಾಪಸ್ ನೀರು ಕುಡಿದು ಹತ್ತೋಕೆ ಮೂರು ನಿಮಿಷ. ಕೈಗೆ ಸಿಗೋದು 28. ಅದರಲ್ಲಿ ಕಮ್ಮಿ ಅಂದ್ರೆ ಅರ್ಧ ಹೊತ್ತು, ಅಂದ್ರೆ 14 ನಿಮಿಷ, ಪ್ರತಿ ಮಗುವೂ ಏದುಸಿರು ಬರೋ ಹಾಗೆ ಆಡಿದ್ರೆ ಅದು ಒಳ್ಳೆ ಪಾಠ. ಈ ಅರ್ಧದ ಲೆಕ್ಕ ಬೇರೆ ಬೇರೆ ದೇಶಗಳ ಪಿಟಿ ಟೀಚರ್‌ಗಳೂ ಇಟ್ಕೊಳ್ಳೋ ಗುರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ಏನಂದ್ರೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರೋ ಚಟುವಟಿಕೆ ಬೇಕು, ವಾರಕ್ಕೆ ಮೂರು ದಿನವಾದ್ರೂ ಮೂಳೆ ಮಾಂಸಖಂಡ ಗಟ್ಟಿ ಆಗೋ ಥರದ್ದು ಇರ್ಬೇಕು, ಜಿಗಿಯೋದು ಹತ್ತೋದು ಅಂಥದ್ದು. ನಿಮ್ಮ ಕೈಲಿ ವಾರಕ್ಕೇ 56 ನಿಮಿಷ. ಅಂದ್ರೆ ಬರೀ ಪಿಟಿ ಪಿರಿಯಡ್ ನಂಬಿ ಮಕ್ಕಳನ್ನ ಫಿಟ್ ಮಾಡ್ತೀನಿ ಅನ್ನೋದು ಆಗದ ಮಾತು. ನೀವು ಮಾಡ್ಬಹುದಾದ್ದು, ಎಸೆಯೋದು ಹಿಡಿಯೋದು ಓಡೋದು ಜಿಗಿಯೋದು ಚೆನ್ನಾಗಿ ಕಲ್ಸಿ ಅವರಿಗೆ ಅದರ ರುಚಿ ಹತ್ತೋ ಹಾಗೆ ಮಾಡೋದು. ಬಾಲ್ ಹಿಡಿಯೋಕೆ ಬಂದ್ರೆ ಮಗು ಸಂಜೆ ಸೊಸೈಟಿ ಕಂಪೌಂಡ್‌ನಲ್ಲಿ ಇಳಿದು ಆಡುತ್ತೆ, ಬರದೇ ಇದ್ರೆ ಮೊಬೈಲ್ ಹಿಡ್ಕೊಂಡು ಕೂರುತ್ತೆ.

ಈಗ ಹೆಡ್‌ಮಿಸ್‌ಗೆ ತೋರ್ಸೋ ಪ್ಲಾನ್. ಬಿಎಡ್‌ನಲ್ಲಿ ಬರೆದ ಹಾಗೆ ನಾಲ್ಕು ಪುಟ ಬರೀಬೇಡಿ, ಅರ್ಧ ಪುಟ ಸಾಕು, ಆದ್ರೆ ಅದು ಗ್ರೌಂಡ್‌ನಲ್ಲಿ ಕಿಸೆಯಿಂದ ತೆಗೆದು ನೋಡೋ ಹಾಗಿರ್ಬೇಕು. ಮೇಲೆ ಒಂದೇ ಒಂದು ಗುರಿ, ಅದೂ ಕಣ್ಣಿಗೆ ಕಾಣೋ ಥರದ್ದು. "ದೈಹಿಕ ಸಾಮರ್ಥ್ಯ ಹೆಚ್ಚಿಸುವುದು" ಅಂತ ಬರೆದ್ರೆ ಅದನ್ನ ಯಾರೂ ನೋಡೋಕಾಗಲ್ಲ. "ಎದುರು ಕಾಲು ಮುಂದಿಟ್ಟು 6 ಮೀಟರ್ ದೂರದ ಜೊತೆಗಾರನ ಎದೆಮಟ್ಟಕ್ಕೆ ಎಸೆಯೋದು" ಅಂತ ಬರೀರಿ (ಎದುರು ಕಾಲು ಅಂದ್ರೆ ಎಸೆಯೋ ಕೈಯ ವಿರುದ್ಧ ಬದಿಯ ಕಾಲು), ಪಿರಿಯಡ್ ಮುಗಿದ ಮೇಲೆ ಎಷ್ಟು ಮಕ್ಕಳಿಗೆ ಬಂತು ಅಂತ ನಿಮಗೇ ಗೊತ್ತಾಗುತ್ತೆ. ಅದರ ಕೆಳಗೆ ಅಂಗಳದ ಒಂದು ಚಿತ್ರ, ಯಾವ ಗುಂಪು ಎಲ್ಲಿ ನಿಲ್ಲುತ್ತೆ ಅಂತ. ಟೀಚರ್‌ಗಳು ಯಾವಾಗ್ಲೂ ಬಿಟ್ಟುಬಿಡೋದು ಈ ಚಿತ್ರಾನೇ, ಆಮೇಲೆ ಗ್ರೌಂಡ್‌ನಲ್ಲಿ ನಿಂತು "ನೀವು ಆಚೆ, ನೀವು ಈಚೆ, ಅಲ್ಲಲ್ಲ ನೀವು" ಅಂತ ಐದು ನಿಮಿಷ ಹೋಗುತ್ತೆ. ಆಮೇಲೆ ಸಾಮಾನು ಎಷ್ಟು, ಕಷ್ಟ ಆಗೋ ಮಗುವಿಗೆ ಏನು ಸುಲಭ ಮಾಡ್ತೀನಿ, ಸುಲಭ ಆಗಿಬಿಟ್ಟ ಮಗುವಿಗೆ ಏನು ಕಷ್ಟ ಮಾಡ್ತೀನಿ, ಅಷ್ಟೇ.

ಬರೀ ಮಾತಾಯ್ತು, ಒಂದು ಪಾಠಾನೇ ಬಿಡಿಸಿ ಹೇಳ್ತೀನಿ, ನಿಮ್ಮ ಅಂಗಳಕ್ಕೆ ಹೊಂದೋ ಹಾಗೆ. ಗುರಿ ಎಸೆತ, ಕೊನೇಲಿ ಆಟ ಲಗೋರಿ. ಲಗೋರಿ ಇಲ್ಲಿ ಮರಾಠಿ ಮಕ್ಕಳಿಗೂ ಗೊತ್ತು ನಮ್ಮೂರಿನವರಿಗೂ ಗೊತ್ತು, ರೂಲ್ ಹೇಳೋ ಕೆಲಸ ಉಳೀತು.

ಬಾಲ್ ಇಲ್ವಲ್ಲ ಅಂತೀರಿ. ಎರಡು ಶೀಟ್ ಹಳೇ ನ್ಯೂಸ್‌ಪೇಪರ್ ಮುದ್ದೆ ಮಾಡಿ ಹಳೇ ಸಾಕ್ಸ್ ಒಳಗೆ ತುರುಕಿ ಬಾಯಿಗೆ ಗಂಟು ಹಾಕಿದ್ರೆ ಬಾಲ್. ಮನೆಯಿಂದ ಒಬ್ಬೊಬ್ಬರೂ ಒಂದು ಮಾಡ್ಕೊಂಡು ಬರ್ಲಿ, ನಿಮ್ಗೆ ಬೇಕಾಗಿರೋದು 23, ಬರೋದು ಮೂವತ್ತಾದ್ರೂ ಬರುತ್ತೆ. ಮುಖಕ್ಕೆ ಬಿದ್ರೂ ನೋವಾಗಲ್ಲ, ಕಿಟಕಿ ಗಾಜು ಒಡೆಯಲ್ಲ, ದೂರ ಉರುಳಿ ಗಟಾರಕ್ಕೆ ಹೋಗಲ್ಲ. ಲಗೋರಿ ಕಲ್ಲಿನ ಬದಲು ಶ್ರೀಖಂಡದ ಖಾಲಿ ಡಬ್ಬಿ, ಇಲ್ಲಿ ಯಾರ ಮನೇಲಿ ಇಲ್ಲ ಹೇಳಿ. ಏಳು ಕಲ್ಲಿನ ಆಟ ಆದ್ರೂ ಮೊದಲ ದಿನ ಐದೇ ಡಬ್ಬಿ ಇಡಿ, ಬೇಗ ಬೇಗ ಮುಗಿದು ಬೇಗ ಬೇಗ ಶುರುವಾಗ್ಲಿ.

ಮೊದಲ ನಾಲ್ಕು ನಿಮಿಷ ವಾರ್ಮ್‌ಅಪ್. ಸಾವಧಾನ್ ವಿಶ್ರಾಮ್ ಹೇಳಿ, ಕೈ ಮೇಲೆ ಕೈ ಕೆಳಗೆ ಒನ್ ಟೂ ತ್ರೀ ಫೋರ್ ಮಾಡ್ಸಿದ್ರೆ ಮಕ್ಕಳ ಮೈ ಬಿಸಿ ಆಗಲ್ಲ, ಟೀಚರ್ ಗಂಟಲು ಮಾತ್ರ ಆಗುತ್ತೆ. ವಿಷ್-ಅಮೃತ್ ಆಡ್ಸಿ. ಐದು ಮಕ್ಕಳು ಹಿಡಿಯೋರು, ಮುಟ್ಟಿ "ವಿಷ್" ಅಂದ್ರೆ ಕಲ್ಲಾಗಿ ನಿಲ್ಬೇಕು, ಬೇರೆ ಯಾರಾದ್ರೂ ಮುಟ್ಟಿ "ಅಮೃತ್" ಅಂದ್ರೆ ಮತ್ತೆ ಓಡ್ಬಹುದು. ಇದರಲ್ಲಿ ಔಟ್ ಅನ್ನೋದೇ ಇಲ್ಲ ನೋಡಿ, ಅದಕ್ಕೇ ನನಗೆ ಇಷ್ಟ. ಒಂದು ನಿಮಿಷಕ್ಕೊಮ್ಮೆ ಹಿಡಿಯೋರನ್ನ ಬದಲಾಯ್ಸಿ. ಎರಡನೇ ಸಲ ಓಡೋ ಬದಲು ಎಲ್ಲರೂ ಲಂಗಡಿ ಹಾಕ್ಕೊಂಡು, ಅಂದ್ರೆ ಕುಂಟುತ್ತಾ ಆಡ್ಲಿ, ಮೂವತ್ತು ಸೆಕೆಂಡ್ ಸಾಕು, ಕಾಲು ಬದಲಾಯ್ಸಿ ಇನ್ನು ಮೂವತ್ತು.

ಆಮೇಲೆ ಏಳು ನಿಮಿಷ ಜೋಡಿ ಎಸೆತ. ಇಬ್ಬರಿಗೊಂದು ಬಾಲ್, ನಾಲ್ಕು ಮೀಟರ್ ದೂರ. ಇಲ್ಲಿ ನೀವು ಸುಮ್ನೆ ಸುತ್ತಾ ಓಡಾಡಿ ಮಕ್ಕಳ ಕಾಲು ನೋಡಿ, ಕೈ ನೋಡ್ಬೇಡಿ. ಬಲಗೈಲಿ ಎಸೆಯೋ ಎಷ್ಟೋ ಮಕ್ಕಳು ಬಲಗಾಲನ್ನೇ ಮುಂದಿಟ್ಟಿರ್ತಾರೆ, ಅವರ ಎದೆ ಪೂರ್ತಿ ಎದುರಿಗೆ ತಿರುಗಿರುತ್ತೆ, ಮೊಣಕೈ ಪಕ್ಕೆಗೆ ಅಂಟಿರುತ್ತೆ, ಬಾಲ್ ಮೇಲಕ್ಕೆ ಹೋಗಿ ಅರ್ಧದಲ್ಲೇ ಬೀಳುತ್ತೆ. ಹುಡುಗಿಯರು ಎಸೆಯೋದೇ ಹಾಗೆ ಅಂತ ನಗ್ತಾರಲ್ಲ, ಅದು ಹುಡುಗಿ ಮೈ ಅಲ್ಲ, ಚಿಕ್ಕಂದಿನಿಂದ ಯಾರೂ ಅವಳ ಕೈಗೆ ಬಾಲ್ ಕೊಟ್ಟಿಲ್ಲ ಅಷ್ಟೇ, ಅಭ್ಯಾಸ ಇಲ್ಲದ ಹುಡುಗನೂ ಥೇಟ್ ಹಾಗೇ ಎಸೀತಾನೆ. ಸರಿ ಮಾಡೋದು ಸುಲಭ. ನೆಲದ ಮೇಲೆ ಚಾಕ್‌ನಲ್ಲಿ ಒಂದು ಗೆರೆ ಎಳೀರಿ, ಎಸೆಯೋ ಕೈ ಗೆರೆಯ ಹಿಂದೆ, ಎದುರು ಕಾಲು ಗೆರೆ ದಾಟಿ ಮುಂದೆ. "ಎದುರು ಕಾಲು" ಅಂತ ಎರಡೇ ಪದ ಹೇಳಿ. ಅವತ್ತು ಮೊಣಕೈ ಬಗ್ಗೆ ಸೊಂಟದ ಬಗ್ಗೆ ಬಾಯಿ ಬಿಡಬೇಡಿ, ನಿಮಗೆ ಗೊತ್ತಿದ್ರೂ ಕೂಡ. ಒಂದು ಪಿರಿಯಡ್‌ಗೆ ಒಂದು ತಿದ್ದುಪಡಿ. ಕಾಲು ಸರಿ ಆದ ತಕ್ಷಣ ಸೊಂಟ ತಾನಾಗಿ ತಿರುಗುತ್ತೆ, ಬಾಲ್‌ಗೆ ಜೋರು ಬರುತ್ತೆ, ಆ ಕ್ಷಣ ಮಗುವಿನ ಮುಖ ನೋಡಿ ಟೀಚರ್, ಸಂಬಳ ಅದೇ.

ಚೆನ್ನಾಗಿ ಬಂದ ಜೋಡಿ ಒಂದು ಹೆಜ್ಜೆ ಹಿಂದೆ, ತಪ್ಪಿದ ಜೋಡಿ ಒಂದು ಹೆಜ್ಜೆ ಮುಂದೆ. ಇಷ್ಟು ಮಾಡಿದ್ರೆ ಪ್ರತಿ ಜೋಡಿಯೂ ತನ್ನ ಮಟ್ಟದಲ್ಲೇ ಆಡ್ತಿರುತ್ತೆ, ನೀವು ಯಾರನ್ನೂ ಜಾಣ ದಡ್ಡ ಅಂತ ವಿಂಗಡಿಸ್ಬೇಕಾಗಿಲ್ಲ. ಹಿಡಿಯೋಕೆ ಹೆದರಿ ಕಣ್ಣು ಮುಚ್ಚೋ ಮಕ್ಕಳು ಇದ್ದೇ ಇರ್ತಾರೆ, ಅವರಿಗೆ ಪ್ಲಾಸ್ಟಿಕ್ ಚೀಲ ಸಡಿಲವಾಗಿ ಮುದುರಿ ಕೊಡಿ, ಅದು ಗಾಳೀಲಿ ನಿಧಾನ ತೇಲುತ್ತಾ ಬರುತ್ತೆ, ಕಣ್ಣಿಗೆ ಟೈಮ್ ಸಿಗುತ್ತೆ.

ಮುಂದಿನ ನಾಲ್ಕು ನಿಮಿಷ ಗುರಿ ಎಸೆತ, ಗೋಡೆ ಮೇಲೆ ಚಾಕ್ ವೃತ್ತ, ಅಷ್ಟೇ. ಆಮೇಲೆ ಹತ್ತು ನಿಮಿಷ ಲಗೋರಿ. ಅಂಗಳವನ್ನ ಆರು ಭಾಗ ಮಾಡಿ, ಉದ್ದಕ್ಕೆ ಮೂರು ಅಗಲಕ್ಕೆ ಎರಡು, ಒಂದೊಂದೂ ಸುಮಾರು 9 ಮೀಟರ್ ಉದ್ದ ಏಳೂವರೆ ಮೀಟರ್ ಅಗಲ ಬರುತ್ತೆ. ಒಂದೊಂದರಲ್ಲಿ ಏಳೋ ಎಂಟೋ ಮಕ್ಕಳು, ನಾಲ್ಕು ಜನಕ್ಕೆ ನಾಲ್ಕು ಜನ. ಒಂದೇ ದೊಡ್ಡ ಲಗೋರಿ ಮಾಡಿ ಇಪ್ಪತ್ಮೂರಕ್ಕೆ ಇಪ್ಪತ್ಮೂರು ಬಿಟ್ರೆ ಜೋರಿರೋ ಐದು ಹುಡುಗರು ಆಡ್ತಾರೆ, ಮಿಕ್ಕವರು ಬಾಲ್ ಮುಟ್ಟದೇನೇ ಪಿರಿಯಡ್ ಮುಗಿಯುತ್ತೆ. ಎರಡು ರೂಲ್ ಮಾತ್ರ ಬದಲಾಯ್ಸಿ: ಮೊಣಕಾಲಿನ ಕೆಳಗೆ ಹೊಡೆದ್ರೆ ಮಾತ್ರ ಲೆಕ್ಕ, ಮತ್ತೆ ಪೆಟ್ಟು ಬಿದ್ದವರು ಔಟ್ ಅಲ್ಲ, ಓಡಿಹೋಗಿ ಪಕ್ಕದ ಗೆರೆ ಮುಟ್ಟಿ ವಾಪಸ್ ಬಂದು ಆಡ್ಬಹುದು.

ಮಧ್ಯದಲ್ಲಿ ಒಂದೇ ಸಲ ಸೀಟಿ ಊದಿ ನಿಲ್ಸಿ, ಒಂದು ಪ್ರಶ್ನೆ ಕೇಳಿ. "ಡಬ್ಬಿ ಜೋಡ್ಸೋ ತಂಡ ಎಲ್ಲರೂ ಒಟ್ಟಿಗೆ ಬಂದ್ರೆ ಒಳ್ಳೇದಾ, ಒಬ್ಬರು ಬಾಲ್‌ನ ತಮ್ಮ ಕಡೆ ಎಳ್ಕೊಂಡು ಓಡಿದ್ರೆ ಒಳ್ಳೇದಾ?" ಉತ್ತರ ನೀವು ಹೇಳ್ಬೇಡಿ, ಆಡಿ ನೋಡ್ಲಿ. ಇಂಗ್ಲೆಂಡಿನ ಲಫ್‌ಬರೋದಲ್ಲಿ ಬಂಕರ್ ಮತ್ತು ಥಾರ್ಪ್ ಅಂತ ಇಬ್ಬರು 1982ರಲ್ಲಿ ಇದನ್ನೇ ಒಂದು ಬೋಧನಾ ಕ್ರಮ ಅಂತ ಬರೆದ್ರು, ಮೊದಲು ಚಿಕ್ಕ ಆಟ ಕೊಡಿ, ಆಟದಲ್ಲಿ ಸಿಕ್ಕಿಹಾಕ್ಕೊಂಡ ಮೇಲೆ ಮಗುವೇ ಕೌಶಲ ಯಾಕೆ ಬೇಕು ಅಂತ ಕೇಳುತ್ತೆ, ಆಗ ಕಲ್ಸಿ ಅಂತ. ಹೈಸ್ಕೂಲ್ ಮಕ್ಕಳಿಗೆ ಅದು ಬಹಳ ಚೆನ್ನಾಗಿ ಹೊಂದುತ್ತೆ. ಆರನೇ ಕ್ಲಾಸಿಗೆ ನನ್ನ ಅಭಿಪ್ರಾಯ ಅರ್ಧರ್ಧ, ಎಸೆಯೋಕೇ ಬರದವನಿಗೆ ತಂತ್ರ ಹೇಳಿ ಏನುಪಯೋಗ, ಹಾಗಾಗಿ ಏಳು ನಿಮಿಷ ಜೋಡಿ ಎಸೆತ ಮೊದಲು ಇಟ್ಟಿದ್ದು.

ಕೊನೆಯ ಮೂರು ನಿಮಿಷ ನಡೆದಾಡುತ್ತಾ ಉಸಿರು ಇಳಿಸ್ಕೊಳ್ಳೋದು, ನಿಧಾನ ಸ್ಟ್ರೆಚ್, ಡಬ್ಬಿ ಬಾಲ್ ಎತ್ತಿಡೋದು. ಎಳೆದು ಹಿಡಿಯೋ ಸ್ಟ್ರೆಚ್‌ಗೆ ಜಾಗ ಇಲ್ಲಿ, ಮೈ ಬಿಸಿ ಆದ್ಮೇಲೆ.

ಸೂಚನೆ ಕೊಡೋದ್ರ ಬಗ್ಗೆ ಒಂದು ಮಾತು, ಕ್ಲಾಸ್‌ರೂಮ್ ಟೀಚರ್‌ಗಳು ಗ್ರೌಂಡಿಗೆ ಬಂದಾಗ ಎಡವೋದು ಇಲ್ಲೇ. ಒಳಗಿನ ಅಭ್ಯಾಸಕ್ಕೆ ಐದು ನಿಮಿಷ ವಿವರಿಸ್ತಾರೆ, ಹೊರಗೆ ಗಾಳಿ, ರಿಕ್ಷಾ ಹಾರ್ನ್, ಮೇಲೆ ಕಿಟಕೀಲಿ ಬೇರೆ ಕ್ಲಾಸಿನವರು, ಯಾರೂ ಕೇಳಲ್ಲ. ಮೂರು ವಾಕ್ಯ ಮೀರ್ಬಾರ್ದು: ಏನು ಮಾಡ್ಬೇಕು, ಎಲ್ಲಿ, ಯಾವಾಗ ನಿಲ್ಸ್ಬೇಕು. ನೀವು ಬಿಸಿಲಿಗೆ ಮುಖ ಮಾಡಿ ನಿಲ್ಲಿ, ಮಕ್ಕಳ ಬೆನ್ನಿಗೆ ಬಿಸಿಲಿರ್ಲಿ. ಮಾತಾಡೋವಾಗ ಬಾಲ್ ಎಲ್ಲರದ್ದೂ ನೆಲದ ಮೇಲೆ, ಎರಡು ಕಾಲಿನ ಮಧ್ಯೆ. ಮತ್ತೆ ಒಂದು ಗುಂಪಿನವರಿಗೆ ಮಾಡಿ ತೋರ್ಸಿದ್ರೆ ಹತ್ತು ವಾಕ್ಯ ಉಳಿಯುತ್ತೆ.

ಟೀಮ್ ಮಾಡೋಕೆ ಇಬ್ಬರು ಕ್ಯಾಪ್ಟನ್ ನಿಲ್ಸಿ ಒಬ್ಬೊಬ್ಬರನ್ನೇ ಆರಿಸೋಕೆ ಬಿಡೋ ಪದ್ಧತಿ ಉಂಟಲ್ಲ, ದಯವಿಟ್ಟು ಅದನ್ನ ನಿಲ್ಸಿ. ಪ್ರತಿ ವಾರ ಕೊನೆಗೆ ಉಳಿಯೋದು ಅದೇ ಮೂರು ಮಕ್ಕಳು, ನಿಮ್ಮ ಮೆಟ್ಟಿಲ ಮೇಲೆ ಕೂರೋ ಹುಡುಗಿಯರಲ್ಲಿ ಅರ್ಧಕ್ಕರ್ಧ ಹೀಗೆ ಉಳಿದು ಉಳಿದು ಬೇಜಾರಾಗಿ ಕೂತವರೇ ಇರ್ತಾರೆ. ಹುಟ್ಟಿದ ತಿಂಗಳು, ರೋಲ್ ನಂಬರ್, ಹೆಸರಿನ ಮೊದಲ ಅಕ್ಷರ, ಯಾವುದಾದ್ರೂ ಹಿಡ್ಕೊಂಡು ನೀವೇ ಹಂಚಿ, ಎರಡು ಸೆಕೆಂಡ್ ಕೆಲಸ.

ಕ್ರಿಕೆಟ್ ಗಲಾಟೆಗೆ ಬರೋಣ. ಮುಂಬೈನಲ್ಲಿ ಕ್ರಿಕೆಟ್ ಬೇಡ ಅಂದ್ರೆ ಯಾರೂ ಕೇಳಲ್ಲ, ಕೇಳ್ಬೇಕಾಗೂ ಇಲ್ಲ. ಆದ್ರೆ ನಿಜವಾದ ಕ್ರಿಕೆಟ್‌ನಲ್ಲಿ ಒಬ್ಬ ಬ್ಯಾಟ್ ಮಾಡ್ತಾನೆ, ಒಬ್ಬ ಬೌಲ್ ಮಾಡ್ತಾನೆ, ಉಳಿದವರು ನಿಂತು ನೋಡ್ತಾರೆ, ಅದು ಪಿಟಿ ಪಿರಿಯಡ್‌ಗೆ ಆಗೋ ಆಟ ಅಲ್ಲ. ನಿಲ್ಲದ ಕ್ರಿಕೆಟ್ ಮಾಡ್ಸಿ, ಎಂಟೆಂಟು ಮಕ್ಕಳ ಗುಂಪು, ಅಂಡರ್‌ಆರ್ಮ್, ಬಾಲ್ ತಾಗಿದ್ರೆ ಬ್ಯಾಟ್ ಮಾಡಿದವರು ಪಕ್ಕದ ಗುರುತು ಮುಟ್ಟಿ ವಾಪಸ್ ಓಡಿ ಬರ್ಲೇಬೇಕು, ಬಾಲ್ ಕೈಗೆ ಬಂದ ತಕ್ಷಣ ಬೌಲರ್ ಕಾಯದೇ ಸ್ಟಂಪ್‌ಗೆ ಎಸೀಬಹುದು, ಬ್ಯಾಟ್ಸ್‌ಮನ್ ಇರ್ಲಿ ಬಿಡ್ಲಿ. ಔಟಾದ ತಕ್ಷಣ ಬ್ಯಾಟ್ ಬಿಟ್ಟು ಮುಂದಿನವರು ಓಡಿ ಬರ್ಬೇಕು. ವನ್ ಟಿಪ್ ವನ್ ಹ್ಯಾಂಡ್ ಔಟ್ ಇಟ್ಕೊಳ್ಳಿ, ಅಂದ್ರೆ ಒಂದು ಪುಟ ಬಿದ್ದ ಬಾಲ್‌ನ ಒಂದೇ ಕೈಲಿ ಹಿಡಿದ್ರೂ ಔಟ್, ಗಲ್ಲಿ ರೂಲ್ ಅವರಿಗೇ ಗೊತ್ತು. ಹತ್ತು ನಿಮಿಷಕ್ಕೆ ಹುಡುಗರೇ "ಮಿಸ್ ಪಾಣೀ ಬ್ರೇಕ್" ಅಂತಾರೆ ನೋಡಿ.

ಖೋಖೋಗೂ ಇದೇ ಮಾತು. 1914ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾದವರು ಈ ಆಟಕ್ಕೆ ರೂಲ್ ಕೂರಿಸಿದ್ರು, ಈ ಊರುಗಳಲ್ಲಿ ಪಿಟಿ ಮಾಡ್ಸಿ ಖೋಖೋ ಆಡ್ಸದೇ ಇದ್ರೆ ಹೇಗೆ. ಆದ್ರೆ ರೂಲ್ ಪ್ರಕಾರ ಎಂಟು ಜನ ಕೂರ್ತಾರೆ, ಒಬ್ಬ ಅಟ್ಟಿಸ್ತಾನೆ, ಓಡೋರು ಮೂರು ಮೂರೇ ಒಳಗೆ ಬರ್ತಾರೆ, ಅಂದ್ರೆ 12 ಜನ ಕೋರ್ಟ್‌ನಲ್ಲಿ, ನಿಮ್ಮ 34 ಮಕ್ಕಳು ಮೆಟ್ಟಿಲ ಮೇಲೆ. ಅಂಗಳನ ನಾಲ್ಕು ಪಟ್ಟಿ ಮಾಡಿ, ಒಂದೊಂದರಲ್ಲಿ ಆರು ಜನ ಕೂತು, ಒಬ್ಬರು ಅಟ್ಟಿಸಿ, ನಾಲ್ಕೈದು ಜನ ಒಟ್ಟಿಗೇ ಓಡ್ಲಿ. ಎರಡು ನಿಮಿಷಕ್ಕೊಮ್ಮೆ ಅದಲುಬದಲು. ಕಂಬದ ಜಾಗಕ್ಕೆ ಚಾಕ್‌ನಲ್ಲಿ ಗುಂಡು ಎಳೀರಿ, ಕುರ್ಚಿ ಡ್ರಮ್ ಅಂತ ಏನೂ ಇಡಬೇಡಿ, ಹಲ್ಲು ಮುರ್ಕೋತಾರೆ.

ವರ್ಷದ ಪ್ಲಾನ್ ಮಳೆ ನೋಡಿ ಮಾಡಿ. ನಮ್ಮಲ್ಲಿ ಶಾಲೆ ಶುರುವಾಗೋದೇ ಜೂನ್ ಮಧ್ಯಕ್ಕೆ ಮಳೆ ಜೊತೆ, ಸೆಪ್ಟೆಂಬರ್ ತನಕ ಅಂಗಳದಲ್ಲಿ ಪಾಚಿ, ಸ್ಕೂಲ್ ಶೂ ಹಾಕ್ಕೊಂಡು ಓಡಿದ್ರೆ ಜಾರಿ ಬೀಳೋದು ಖಂಡಿತ. ಆ ಮೂರೂವರೆ ತಿಂಗಳು ಪಿಟಿ ಪಿರಿಯಡ್ ಅಂದ್ರೆ "ಬುಕ್ ತೆಗೀರಿ, ಪೋರ್ಶನ್ ಬಾಕಿ ಇದೆ" ಅಂತ ಆಗಿಬಿಡುತ್ತೆ. ಕ್ಲಾಸ್‌ರೂಮ್‌ನಲ್ಲೇ, ಇಲ್ಲಾ ಕಾರಿಡಾರ್‌ನಲ್ಲಿ ಮಾಡೋಕೆ ಬೇಕಾದಷ್ಟು ಉಂಟು: ಒಂಟಿಕಾಲಲ್ಲಿ ನಿಲ್ಲೋ ಬ್ಯಾಲೆನ್ಸ್ ಆಟಗಳು, ಕುಂಟೆಬಿಲ್ಲೆ, ಕೂತಲ್ಲೇ ಬಾಲ್ ದಾಟಿಸೋದು, ಸೂರ್ಯನಮಸ್ಕಾರ. ಸೂರ್ಯನಮಸ್ಕಾರವನ್ನ ಶಾಲೆ ಮಕ್ಕಳ ತನಕ ತಂದಿದ್ದರಲ್ಲಿ ಇಲ್ಲೇ ಸಾತಾರಾ ಕಡೆಯ ಔಂಧ್ ಸಂಸ್ಥಾನದ ರಾಜರ ಪಾಲು ದೊಡ್ಡದು. ಆದ್ರೆ ಎಣಿಸ್ಕೊಂಡು ನೂರು ಹಾಕ್ಸೋಕೆ ಹೋಗ್ಬೇಡಿ, ಆರು ಹಾಕ್ಲಿ, ಉಸಿರಿಗೆ ಸರಿಯಾಗಿ ಹಾಕ್ಲಿ. ಲೇಜಿಮ್, ಅಂದ್ರೆ ಝಲ್ ಝಲ್ ಅನ್ನೋ ಬಿಲ್ಲೆ ಕಟ್ಟಿದ ಕೋಲು ಹಿಡಿದು ಕುಣಿಯೋದು, ಬಹಳ ಚೆಂದ, ಮಕ್ಕಳಿಗೆ ತಾಳ ಕೂರುತ್ತೆ, ಆದ್ರೆ ಕಾರಿಡಾರ್‌ನಲ್ಲಿ ಬೇಡ, ಪಕ್ಕದ ಕ್ಲಾಸಿನವರು ಜಗಳಕ್ಕೆ ಬರ್ತಾರೆ. ಅಕ್ಟೋಬರ್ ಸೆಖೆ ಮುಗಿದು ನವೆಂಬರ್‌ನಿಂದ ಫೆಬ್ರವರಿ ತನಕ ಓಟ, ಜಿಗಿತ, ಖೋಖೋ, ಕಬಡ್ಡಿ ಇಟ್ಕೊಳ್ಳಿ. ಒಂದೊಂದು ವಿಷಯಕ್ಕೆ ಕಮ್ಮಿ ಅಂದ್ರೂ ನಾಲ್ಕು ವಾರ ಕೊಡಿ, ವಾರಕ್ಕೊಂದು ಹೊಸ ಆಟ ಅಂದ್ರೆ ಮಜಾ ಬರುತ್ತೆ, ಕಲಿಯೋದು ಏನೂ ಇರಲ್ಲ.

ಪಿರಿಯಡ್ ಕಸಿಯೋ ಗಣಿತದವರ ಕಾಟಕ್ಕೆ ನನ್ನ ಹತ್ರ ಮಂತ್ರ ಇಲ್ಲ. ಆದ್ರೆ ನಿಮ್ಮ ತಿಂಗಳ ಪ್ಲಾನ್ ಸ್ಟಾಫ್‌ರೂಮ್ ಬೋರ್ಡಿಗೆ ಹಚ್ಚಿ, ಹೆಡ್‌ಮಿಸ್ ಸಹಿ ಹಾಕಿಸಿ. "ಇವತ್ತು ಲಗೋರಿಯ ಮೂರನೇ ಪಾಠ" ಅಂತ ಬರೆದಿದ್ರೆ ಕೇಳೋಕೆ ಸ್ವಲ್ಪ ಸಂಕೋಚ ಪಡ್ತಾರೆ, "ಆಟದ ಪಿರಿಯಡ್" ಅಂತಿದ್ರೆ ಪಡಲ್ಲ. ಅಂದ ಹಾಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಪಟ್ಟಿಯಲ್ಲೇ ಶಾಲೆಗೆ ಆಟದ ಮೈದಾನ ಇರ್ಬೇಕು ಅಂತ ಉಂಟು, ಆರರಿಂದ ಎಂಟನೇ ಕ್ಲಾಸಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಪಾರ್ಟ್‌ಟೈಮ್ ಬೋಧಕರು ಇರ್ಬೇಕು ಅಂತಾನೂ ಉಂಟು. ಹೆಡ್‌ಮಿಸ್ ಒಳ್ಳೆ ಮೂಡಲ್ಲಿರೋವಾಗ ನೆನಪಿಸಿ.

ಅದೇ ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ ಮಾಡ್ಬಾರ್ದು ಅನ್ನುತ್ತೆ. ಹೋಮ್‌ವರ್ಕ್ ತರದವನಿಗೆ ಎರಡು ರೌಂಡ್ ಓಡು, ಹತ್ತು ಬಸ್ಕಿ ಹೊಡಿ ಅಂತ ಬೇರೆ ಟೀಚರ್‌ಗಳು ನಿಮ್ಮ ಅಂಗಳಕ್ಕೆ ಕಳಿಸ್ಬಹುದು, ಒಪ್ಕೋಬೇಡಿ. ಓಟ ಅಂದ್ರೆ ಶಿಕ್ಷೆ ಅಂತ ಒಂದು ಸಲ ತಲೆಗೆ ಹೋದ್ರೆ ಆ ಮಗುವಿಗೆ ನೀವು ಓಟ ಕಲ್ಸೋದು ಹೇಗೆ.

ಆರೋಗ್ಯದ ವಿಷಯ ಜೂನ್‌ನಲ್ಲೇ ಪೋಷಕರಿಂದ ಒಂದು ಚೀಟಿ ತರಿಸ್ಕೊಳ್ಳಿ: ಆಸ್ತಮಾ, ಹೃದಯದ ತೊಂದರೆ, ಫಿಟ್ಸ್, ಇತ್ತೀಚಿನ ಆಪರೇಷನ್. ಆಸ್ತಮಾ ಇರೋ ಮಗುವನ್ನ ಕೂರಿಸಿಬಿಡೋದು ಪರಿಹಾರ ಅಲ್ಲ, ಡಾಕ್ಟರ್ ಹೇಳಿದ ಪ್ರಕಾರ ಇನ್ಹೇಲರ್ ತಗೊಂಡು ನಿಧಾನ ವಾರ್ಮ್‌ಅಪ್ ಮಾಡಿ ಆಡೋ ಎಷ್ಟೋ ಮಕ್ಕಳಿದ್ದಾರೆ, ಇನ್ಹೇಲರ್ ಮಾತ್ರ ಮೂರನೇ ಮಹಡಿಯ ಬ್ಯಾಗಲ್ಲಿ ಇರ್ಬಾರ್ದು, ಅಂಗಳದಲ್ಲಿ ಇರ್ಬೇಕು. ಮುಟ್ಟಾದ ಹುಡುಗಿಯರು ಎಲ್ಲರ ಮುಂದೆ ಕಾರಣ ಹೇಳೋ ಹಾಗಿರ್ಬಾರ್ದು, "ಇವತ್ತು ಸ್ಕೋರ್ ಬರೀತೀನಿ ಮಿಸ್" ಅಂದ್ರೆ ಸಾಕು ಅಂತ ಮೊದಲೇ ಹೇಳಿಡಿ, ಆಡ್ತೀನಿ ಅಂದ್ರೆ ಧಾರಾಳ ಆಡ್ಲಿ. ರೋಜಾ, ಅಂದ್ರೆ ರಂಜಾನ್ ಉಪವಾಸ ಇರೋ ಮಕ್ಕಳಿಗೆ ನೆರಳಲ್ಲಿ ಗುರಿ ಎಸೆತ ಕೊಡಿ. ಮಧ್ಯಾಹ್ನದ ಊಟ ಆದ ತಕ್ಷಣದ ಪಿರಿಯಡ್ ಆದ್ರೆ ಮೊದಲ ಹತ್ತು ನಿಮಿಷ ನಿಧಾನದ ಕೆಲಸ. ಕಾಲು ಉಳುಕಿದ್ರೆ ತಿಕ್ಕಬೇಡಿ, ಐಸ್ ಬಟ್ಟೇಲಿ ಸುತ್ತಿ ಇಟ್ಟು ಕಾಲು ಮೇಲೆತ್ತಿ. ಮೂಗಿಂದ ರಕ್ತ ಬಂದ್ರೆ ತಲೆ ಹಿಂದಕ್ಕೆ ಮಾಡೋದಲ್ಲ, ಮುಂದಕ್ಕೆ ಬಾಗಿಸಿ ಮೂಗಿನ ಮೆತ್ತಗಿನ ಭಾಗ ಹತ್ತು ನಿಮಿಷ ಒತ್ತಿ ಹಿಡಿಯೋದು. ಬಿಸಿಲಲ್ಲಿ ತಲೆ ಸುತ್ತು, ವಾಂತಿ, ಏನೇನೋ ಮಾತಾಡೋದು ಕಂಡ್ರೆ ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸಿ, ಕೂಡ್ಲೇ ಡಾಕ್ಟರ್ ಹತ್ರ.

ಮಾರ್ಕ್ಸ್ ಬಗ್ಗೆ ನೀವು ಕೇಳಿಲ್ಲ, ಆದ್ರೆ ಹೆಡ್‌ಮಿಸ್ ಕೇಳ್ತಾರೆ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ಫಿಟ್‌ನೆಸ್ ಟೆಸ್ಟ್ ಉಂಟು, ಒಂದರಿಂದ ಮೂರನೇ ಕ್ಲಾಸಿನ ಚಿಕ್ಕವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) ಜೊತೆ ಒಂಟಿಕಾಲ ಫ್ಲೆಮಿಂಗೊ ಬ್ಯಾಲೆನ್ಸ್, ಪ್ಲೇಟ್ ಟ್ಯಾಪಿಂಗ್ (ಎರಡು ಬಿಲ್ಲೆಗಳನ್ನ ಕೈಲಿ ಬೇಗ ಬೇಗ ತಟ್ಟೋದು), ನಿಮ್ಮ ಕ್ಲಾಸಿನವರಿಗೆ ಬಿಎಂಐ, 50 ಮೀಟರ್ ಓಟ, 600 ಮೀಟರ್ ಓಟ ಅಥವಾ ನಡಿಗೆ, ಕೂತು ಮುಂದೆ ಬಾಗೋದು, ಕರ್ಲ್‌ಅಪ್ (ಮಲಗಿ ತಲೆ ಭುಜ ಎತ್ತೋದು), ಪುಷ್‌ಅಪ್. ವರ್ಷಕ್ಕೆ ಎರಡು ಸಲ ಸಾಕು, ನಂಬರ್ ಮಗುವಿನ ನೋಟ್‌ಬುಕ್‌ನಲ್ಲಿ, ಹೋದ ಸಲದ ಪಕ್ಕದಲ್ಲಿ. ತೂಕವನ್ನ ಕ್ಲಾಸ್ ಮುಂದೆ ಕೂಗಿ ಬರೆಸೋದು ಮಾತ್ರ ಬೇಡವೇ ಬೇಡ. ಉಳಿದಂತೆ ನಿಮ್ಮ ಗುರಿ ಏನಿತ್ತು, ಎದುರು ಕಾಲು ಬಂತಾ ಇಲ್ವಾ, ಲಿಸ್ಟ್‌ನಲ್ಲಿ ಒಂದು ಟಿಕ್, ಪಿರಿಯಡ್‌ಗೆ ಎಂಟು ಮಕ್ಕಳನ್ನ ನೋಡಿದ್ರೂ ಮೂರು ವಾರದಲ್ಲಿ ಇಡೀ ಕ್ಲಾಸ್ ಮುಗಿಯುತ್ತೆ.

ಬಜೆಟ್ ಸ್ವಲ್ಪ ಸಿಕ್ರೆ ಮುಂಬೈನ ಧೋಬಿ ತಲಾವ್‌ನ ಸ್ಪೋರ್ಟ್ಸ್ ಅಂಗಡಿಗಳಿಗೆ ಹೋಗಿ, ಆದ್ರೆ ಮೂರನೇ ಫುಟ್‌ಬಾಲ್ ತರಬೇಡಿ. ಎರಡು ಡಜನ್ ಟೆನಿಸ್ ಬಾಲ್, ಸ್ಕಿಪ್ಪಿಂಗ್ ಹಗ್ಗ ಆದಷ್ಟು, ನೆಲಕ್ಕಿಡೋ ಚಪ್ಪಟೆ ಮಾರ್ಕರ್ ಒಂದು ಸೆಟ್, ಒಂದು ಒಳ್ಳೆ ಸೀಟಿ.

ಇನ್ನು ಸೀರೆ. ಮಾಡ್ಸೋಕಾಗುತ್ತೆ, ಮಾಡಿ ತೋರ್ಸೋಕೆ ಕಷ್ಟ. ವಾರದ ಆ ಎರಡು ದಿನ ಚೂಡಿದಾರ್ ಮತ್ತೆ ಶೂ ಹಾಕ್ಕೊಂಡು ಬರೋಕೆ ಹೆಡ್‌ಮಿಸ್ ಹತ್ರ ಈಗಲೇ ಪರ್ಮಿಷನ್ ಕೇಳಿ, ಪ್ಲಾನ್ ಕೊಡೋವಾಗಲೇ ಕೇಳಿದ್ರೆ ಇಲ್ಲ ಅನ್ನೋದು ಅವರಿಗೆ ಕಷ್ಟ. ಅದೂ ಆಗಲ್ಲ ಅಂದ್ರೆ ತೋರ್ಸೋ ಕೆಲಸ ಮಕ್ಕಳಿಗೆ ಕೊಡಿ, ಒಳ್ಳೆ ಆಟಗಾರನಿಗೇ ಕೊಡ್ಬೇಡಿ, ಹೋದ ವಾರ ಬರದೇ ಇದ್ದು ಈ ವಾರ ಬಂದ ಹುಡುಗಿಯನ್ನ ಮುಂದೆ ಕರೀರಿ. ನೀವು ಪಕ್ಕದಲ್ಲಿ ನಿಂತು ಅವಳ ಕಾಲು ತೋರ್ಸಿ ಹೇಳಿದ್ರೆ ಸಾಕು.